ಕಣ್ಣೀರಿನಷ್ಟು ಉಪ್ಪು

"ಸಾಯುತ್ತಿರುವವರನ್ನು ಹಿಂದಕ್ಕೆ ಕರೆತರುವ ಶಕ್ತಿ ಯಾವ ತಪಸ್ಸಿನಿಂದ ಬರುತ್ತದೆ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಕೇಳಿದ್ದಕ್ಕೆ ಕಾರಣವಿತ್ತು. ಹಿಂದಿನ ದಿನ ಮಠದಲ್ಲಿ ಉಂಡು ಹೋದ ಯಾತ್ರಿಕರು ದೂರದ ಬೆಟ್ಟದ ಒಬ್ಬ ಸಾಧುವಿನ ಸುದ್ದಿ ಹೇಳಿದ್ದರು. ಅವನು ಹಣೆ ಮುಟ್ಟಿದರೆ ಕಡೆಯುಸಿರು ಎಳೆಯುತ್ತಿರುವವರೂ ಎದ್ದು ಕೂರುತ್ತಾರಂತೆ. ಅದನ್ನು ಕೇಳಿದಾಗಿನಿಂದ ಶಿಷ್ಯನಿಗೆ ಊಟ ರುಚಿಸಿರಲಿಲ್ಲ. ಅವನು ಹನ್ನೆರಡು ವರ್ಷ ಮಠದ ಅಂಗಳ ಗುಡಿಸಿದ್ದ, ಮಂತ್ರ ಕಲಿತಿದ್ದ, ಉಪವಾಸ ಮಾಡಿದ್ದ. ಅವನ ಕೈಯಿಂದ ಇದುವರೆಗೆ ಯಾರ ತಲೆನೋವೂ ಹೋಗಿರಲಿಲ್ಲ.

ಗುರುಗಳು ನಕ್ಕರು. "ಬೆಟ್ಟದವನ ವಿಷಯ ನನಗೆ ಗೊತ್ತಿಲ್ಲಪ್ಪ. ಆದರೆ ಅಂಥ ಕೈ ಒಂದನ್ನು ನಾನು ಬಲ್ಲೆ. ಕುಂಬಾರರ ಮನೆಯ ಒಬ್ಬ ಮುದುಕಿಯ ಕೈ ಅದು. ಕೂತುಕೋ," ಎಂದರು. ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಮನೆಯಲ್ಲಿ ಅವನ ತಾಯಿ, ಹೆಂಡತಿ ಮತ್ತು ಎಂಟು ತಿಂಗಳ ಒಂದು ಕೂಸು. ತಿಗರಿ ತಿರುಗಿಸಿ ಗಡಿಗೆ ಎತ್ತುವವನು ಮಗ. ಆದರೆ ಮಣ್ಣು ಹದ ಮಾಡುವ ಕೆಲಸ ತಾಯಿಯದು. ಮಣ್ಣಿಗೆ ಎಷ್ಟು ನೀರು ಹಿಡಿದಿದೆ, ಇನ್ನೆಷ್ಟು ಬೇಕು ಎಂಬುದು ಆ ಮುದುಕಿಯ ಬೆರಳಿಗೆ ತಿಳಿಯುತ್ತಿತ್ತು. ಕಣ್ಣು ಕಟ್ಟಿ ಕೂರಿಸಿದರೂ ಚಿಟಿಕೆ ಮಣ್ಣು ಹಿಸುಕಿ ನೋಡಿ ಹೇಳಿಬಿಡುತ್ತಿದ್ದಳು. ಅವಳು ಹೂಂ ಅನ್ನದೆ ಮಗ ಒಂದು ಮುದ್ದೆ ಮಣ್ಣನ್ನೂ ತಿಗರಿಗೆ ಏರಿಸುತ್ತಿರಲಿಲ್ಲ. ಮನೆಯ ಉಳಿದ ವಿಷಯಗಳಲ್ಲೂ ಹಾಗೇ, ಅವಳ ಮಾತೇ ಮಾತು.

ಅವಳಿಗೆ ಮಣ್ಣು ಎಂದರೆ ಕೊಳೆಯಲ್ಲ. ಅನ್ನ ಕೊಡುವ ಮಣ್ಣನ್ನು ಕೊಳೆ ಎಂದು ಉಜ್ಜಿ ತೊಳೆಯುವುದು ಮಣ್ಣಿಗೆ ಮಾಡುವ ಅವಮಾನ ಎಂದೇ ಅವಳು ನಂಬಿದ್ದಳು. ಮಣ್ಣು ತುಳಿಯುವಾಗ ಬೂದಿ ಬೆರೆಸುತ್ತಿದ್ದಳು, ಕತ್ತೆಯ ಲದ್ದಿ ಬೆರೆಸುತ್ತಿದ್ದಳು. ಹಾಗೆ ಬೆರೆಸಿದರೆ ಗಡಿಗೆ ಸುಡುವಾಗ ಬಿರುಕು ಬಿಡುವುದಿಲ್ಲ. ಬೆರೆಸಿ ತುಳಿದ ಮೇಲೆ ಲದ್ದಿಯೂ ಮಣ್ಣೇ ಆಯಿತಲ್ಲ ಎಂಬುದು ಅವಳ ತರ್ಕ. ಕೆಲಸದ ನಡುವೆ ಕೂಸು ಹಸಿದು ಅತ್ತರೆ ತಿಗರಿಯ ಪಕ್ಕದ ಬೋಗುಣಿಯಲ್ಲಿ ಕೈ ಅದ್ದಿ, ಸೆರಗಿಗೆ ಒರೆಸಿಕೊಂಡು, ಅದೇ ಬೆರಳಲ್ಲಿ ಅನ್ನ ನುರಿದು ತಿನ್ನಿಸುತ್ತಿದ್ದಳು. ಬೋಗುಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಅದೇ ನೀರು. ಅವಳು ಮೊಮ್ಮಗನನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದಳು. ಹಾಗಾಗಿ ತಿನ್ನಿಸುವ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಬೇಸಿಗೆ ಬಂತು. ನೀರಿನ ಗಡಿಗೆಗೆ ಬೇಡಿಕೆ ಬಂತು. ಮನೆಮಂದಿಗೆಲ್ಲ ಬಿಡುವಿಲ್ಲದ ಕೆಲಸ. ಅಂಥ ಒಂದು ದಿನ ಕೂಸಿಗೆ ಭೇದಿ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಐದಾರು ಸಲ ನೀರಿನಂತೆ ಹೋಯಿತು. ಕೂಸು ನಾಲಿಗೆ ಚಾಚಿ ಅಳತೊಡಗಿತು. ಸೊಸೆ ಅಂಜುತ್ತ ಅಂಜುತ್ತ ಅತ್ತೆಯ ಹತ್ತಿರ ಬಂದಳು.

"ಅತ್ತೀ, ನಾ ತವರಮನ್ಯಾಗಿದ್ದಾಗ ನರ್ಸಮ್ಮ ಹೇಳಿದ್ರು, ಭೇದಿ ಆದಾಗ ಕೂಸಿಗೆ ಹೆಚ್ಚಿಗೆ ಕುಡಸಬೇಕಂತ. ಸ್ವಲ್ಪ ಗಂಜಿ ತಿಳಿ ಕೊಡ್ಲೇನ್ರಿ?"

ಮುದುಕಿ ಮಣ್ಣು ತುಳಿಯುವುದನ್ನು ನಿಲ್ಲಿಸಲಿಲ್ಲ. "ಸೋರೋ ಗಡಿಗಿಗೆ ಯಾರರ ನೀರು ಹಾಕ್ತಾರೇನ? ಹಾಕಿದಷ್ಟೂ ಹೊರಗ ಹೋಗ್ತೈತಿ. ಒಳಗ ಹಾಕೂದು ನಿಲ್ಲಸು, ಹೋಗೂದು ತಾನಾ ನಿಲ್ತೈತಿ," ಎಂದಳು. ಎದೆಹಾಲನ್ನೂ ಕಡಿಮೆ ಮಾಡು ಎಂದಳು.

ಕಲ್ಲೆದೆಯಿಂದ ಹೇಳಿದ ಮಾತಲ್ಲ ಅದು, ತಿಳಿದುಕೋ. ಅವಳೂ ಹಿಂದೆ ಎರಡು ಮಕ್ಕಳನ್ನು ಇದೇ ಭೇದಿಗೆ ಕಳೆದುಕೊಂಡಿದ್ದಳು. ಅವಕ್ಕೂ ನೀರು ಬಿಗಿ ಮಾಡಿದ್ದಳು. ಆದರೂ ಅವು ಉಳಿಯಲಿಲ್ಲ. ತನ್ನ ಕಣ್ಣು ತಪ್ಪಿಸಿ ಯಾರೋ ನೀರು ಕುಡಿಸಿರಬೇಕು, ತಾನು ಇನ್ನೂ ಬಿಗಿ ಮಾಡಬೇಕಿತ್ತು ಎಂದೇ ಅಷ್ಟು ವರ್ಷವೂ ಅಂದುಕೊಂಡಿದ್ದಳು. ಈ ಸಲ ತಪ್ಪಬಾರದು ಎಂದು ನೀರಿನ ಗಡಿಗೆಯ ಮೇಲೆ ಕಣ್ಣಿಟ್ಟೇ ಕೆಲಸ ಮಾಡಿದಳು. ಮೊಮ್ಮಗನನ್ನು ಉಳಿಸಿಕೊಳ್ಳುತ್ತಿದ್ದೇನೆ ಎಂಬ ನಂಬಿಕೆಯಲ್ಲೇ ಅವಳು ಹಾಗೆ ಕಾವಲು ಕೂತದ್ದು.

ಎರಡನೆಯ ದಿನ ಕೂಸಿನ ಕಣ್ಣು ಗುಳಿ ಬಿತ್ತು. ನಿತ್ರಾಣ ಎಂದಳು ಮುದುಕಿ. ನೆತ್ತಿಯ ಮೆದು ಜಾಗ ಒಳಕ್ಕೆ ಕುಸಿಯಿತು. ನೆತ್ತಿ ಬಿದ್ದಿದೆ ಎಂದು ಹರಳೆಣ್ಣೆ ಹಚ್ಚಿ ತಟ್ಟಿದಳು. ಮೂರನೆಯ ದಿನ ಬೆಳಗ್ಗೆಯಿಂದ ಕೂಸಿನ ಬಟ್ಟೆ ಒದ್ದೆಯಾಗಲಿಲ್ಲ. ಉಚ್ಚೆ ಹೊಯ್ಯುವುದೂ ನಿಂತಿತು, ಭೇದಿಯೂ ನಿಲ್ಲುತ್ತ ಬಂತು ಎಂದು ಸಮಾಧಾನಪಟ್ಟಳು. ಕೂಸು ಅಳುತ್ತಿತ್ತು, ಕಣ್ಣು ಮಾತ್ರ ಒಣಗಿತ್ತು. ಅದನ್ನು ಸೊಸೆ ಕಂಡಳು, ಹೇಳಲು ಧೈರ್ಯವಾಗಲಿಲ್ಲ.

ಮಧ್ಯಾಹ್ನ ಅಳುವೂ ನಿಂತಿತು.

ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಮೂರು ದಿನದ ರಂಪದ ಮೇಲೆ ಮನೆ ತಣ್ಣಗಾಗಿತ್ತು. ನಿದ್ದೆ ಹತ್ತಿತು ಎಂದು ಕುಂಬಾರ ತಿಗರಿಗೆ ಹೋಗಿ ಕೂತ. ಮುದುಕಿ ಕೈ ಒರೆಸಿಕೊಂಡು ಬಂದು ಕೂಸಿನ ಪಕ್ಕದಲ್ಲಿ ಕೂತಳು. ಹೊಟ್ಟೆಯ ಮೇಲಿನ ಬಟ್ಟೆ ಸರಿಮಾಡಲು ಕೈ ಚಾಚಿದಳು. ಅರವತ್ತು ವರ್ಷ ಮಣ್ಣು ಹಿಸುಕಿ ನೋಡಿದ ಬೆರಳು ಸುಮ್ಮನಿರುತ್ತದೆಯೇ? ಅವಳಿಗೆ ಗೊತ್ತಿಲ್ಲದೆಯೇ ಅದು ಕೂಸಿನ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಎತ್ತಿತು, ಬಿಟ್ಟಿತು.

ಎತ್ತಿದ ಚರ್ಮ ಎತ್ತಿದ ಹಾಗೇ ನಿಂತಿತು. ಆಮೇಲೆ ಬಲು ನಿಧಾನವಾಗಿ ಇಳಿಯಿತು.

ಮುದುಕಿ ಮತ್ತೊಮ್ಮೆ ಚಿವುಟಿದಳು. ಮತ್ತೆ ಹಾಗೇ ನಿಂತಿತು. ಪಕ್ಕದಲ್ಲಿದ್ದ ಸೊಸೆಯ ತೋಳು ಹಿಡಿದು ಚಿವುಟಿದಳು. ಅದು ಬಿಟ್ಟ ಕೂಡಲೇ ಸ್ವಸ್ಥಾನಕ್ಕೆ ಹೋಯಿತು. ಬುದ್ಧಿಗೆ ತಿಳಿಯುವ ಮೊದಲೇ ಬೆರಳಿಗೆ ತಿಳಿದುಹೋಗಿತ್ತು. ಇದರೊಳಗೆ ನೀರಿಲ್ಲ.

ಆಗ ಅವಳು ಕೂಸನ್ನು ನೋಡಿದಳು. ಮೂರು ದಿನದಿಂದ ನೋಡುತ್ತಲೇ ಇದ್ದಳು, ಆದರೆ ಈಗ ನೋಡಿದಳು. ಗುಳಿಬಿದ್ದ ಕಣ್ಣು, ಕುಸಿದ ನೆತ್ತಿ, ಅಂಟಿಕೊಂಡ ತುಟಿ, ಒಣಗಿದ ಬಟ್ಟೆ. ಒಂದೊಂದಕ್ಕೂ ಬೇರೆ ಬೇರೆ ಹೆಸರಿಟ್ಟು ಬದಿಗಿಟ್ಟಿದ್ದಳು. ಎಲ್ಲವೂ ಸೇರಿ ಒಂದೇ ಮಾತು ಹೇಳುತ್ತಿದ್ದವು. ಕೂಸು ಮಲಗಿರಲಿಲ್ಲ. ಅಳಲು ಅದಕ್ಕೆ ತ್ರಾಣ ಉಳಿದಿರಲಿಲ್ಲ. ಇಷ್ಟು ದೊಡ್ಡ ಸಂಗತಿ ಕಣ್ಣೆದುರಿಗೇ ಇದ್ದು ತನಗೆ ಕಾಣದೆ ಹೋಯಿತೇ ಎಂದು ಬೆರಗಾದಳು.

ಒಣಗಿದ ಮಣ್ಣನ್ನು ಕುಂಬಾರರು ಎಸೆಯುವುದಿಲ್ಲ. ನೀರು ಚಿಮುಕಿಸುತ್ತಾರೆ, ಕಾಯುತ್ತಾರೆ, ಮತ್ತೆ ಚಿಮುಕಿಸುತ್ತಾರೆ. ಸೋರುವ ಗಡಿಗೆಯ ವಿಚಾರವನ್ನೇ ಹಿಡಿದು ಕೂತಿದ್ದ ಮುದುಕಿಗೆ ಮಣ್ಣಿನ ವಿಚಾರ ಆಗ ನೆನಪಾಯಿತು. ಅವಳು ಸೊಸೆಯ ಕಡೆ ತಿರುಗಿದಳು. ಆ ಮನೆಯಲ್ಲಿ ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ. ಅಂಥವಳು ಕೇಳಿದಳು:

"ನಿಮ್ಮ ನರ್ಸಮ್ಮ ಏನ್ ಹೇಳಿದ್ಲವ್ವಾ? ಹೇಳು. ಎಲ್ಲಾ ಹೇಳು."

ಸೊಸೆ ಮೂರು ದಿನದಿಂದ ಒಳಗೇ ಇಟ್ಟುಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದಳು. ಎದೆಹಾಲು ನಿಲ್ಲಿಸಬಾರದು. ಗಂಜಿಯ ತಿಳಿಗೆ ಉಪ್ಪು ಹಾಕಿ ಚಮಚದಲ್ಲಿ ಕುಡಿಸುತ್ತಲೇ ಇರಬೇಕು. ಕಣ್ಣು ಗುಳಿಬಿದ್ದರೆ, ಉಚ್ಚೆ ನಿಂತರೆ, ಕೂಸು ಮಂಕಾದರೆ ಒಂದು ಗಳಿಗೆಯೂ ತಡೆಯದೆ ದವಾಖಾನೆಗೆ ಹೊರಡಬೇಕು, ದಾರಿಯಲ್ಲೂ ಕುಡಿಸಬೇಕು.

"ಉಪ್ಪು ಎಷ್ಟು?"

"ಕಣ್ಣೀರಿಗಿಂತ ಹೆಚ್ಚು ಉಪ್ಪಾಗಬಾರದಂತ್ರಿ."

ಬಸಿದಿಟ್ಟ ಗಂಜಿ ಒಲೆಯ ಪಕ್ಕದಲ್ಲೇ ಇತ್ತು. ಸೊಸೆ ಕೈ ತೊಳೆದುಕೊಂಡು ಬಂದು ಉಪ್ಪು ಹಾಕಿ ಕಲಸಿದಳು. ಉಪ್ಪು ಹೆಚ್ಚಾಯಿತೋ ಏನೋ ಎಂದು ಕಣ್ಣೀರು ಸುರಿಸುತ್ತ ನಿಂತಳು. ಮುದುಕಿ ಸೊಸೆಯ ಕೆನ್ನೆಯ ಮೇಲೆ ಬೆರಳಾಡಿಸಿ ಆ ಕಣ್ಣೀರನ್ನು ನಾಲಿಗೆಗೆ ಹಚ್ಚಿಕೊಂಡಳು. ಆಮೇಲೆ ಗಂಜಿಯ ಎರಡು ಹನಿಯನ್ನು ಅಂಗೈಗೆ ಬಿಡಿಸಿಕೊಂಡು ರುಚಿ ನೋಡಿದಳು. ಗಂಜಿಯ ಉಪ್ಪು ಕಣ್ಣೀರಿಗಿಂತ ಒಂದು ಕೂದಲೆಳೆ ಕಡಿಮೆಯೇ ಇತ್ತು. "ಸರಿ ಐತಿ," ಎಂದಳು. ಅತ್ತೆ ಸೊಸೆಯ ಕಣ್ಣೀರನ್ನು ಒರೆಸಿದ್ದು ಅದೇ ಮೊದಲು.

ಕುಂಬಾರ ಸಂತೆಗೆ ಹೇರಿಟ್ಟಿದ್ದ ಗಡಿಗೆಗಳನ್ನು ಚಕ್ಕಡಿಯಿಂದ ದಡದಡನೆ ಇಳಿಸಿದ. ನಾಲ್ಕು ಒಡೆದವು, ಯಾರೂ ಅತ್ತ ನೋಡಲಿಲ್ಲ. ಗಡಿಗೆಗೆ ಹಾಸಿದ್ದ ಹುಲ್ಲಿನ ಮೇಲೆ ಮುದುಕಿ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತಳು, ಪಕ್ಕದಲ್ಲಿ ಗಂಜಿ ಹಿಡಿದು ಸೊಸೆ ಕೂತಳು. ದವಾಖಾನೆ ಎರಡು ಹರದಾರಿ ದೂರ.

ಮೊದಲ ಚಮಚ ತುಟಿಯಿಂದ ಜಾರಿಹೋಯಿತು. ಎರಡನೆಯದು ಒಳಗೆ ಹೋಯಿತು, ಮೂರನೆಯದೂ ಹೋಯಿತು. ಸೊಸೆ ಆತುರಕ್ಕೆ ಬಿದ್ದು ಮೇಲಿಂದ ಮೇಲೆ ನಾಲ್ಕು ಚಮಚ ಹಾಕಿದಳು. ಕೂಸು ಅಷ್ಟನ್ನೂ ಕಕ್ಕಿತು. ಹೋಯಿತು, ಎಲ್ಲ ಹೋಯಿತು ಎಂದು ಅವಳು ಬಾಯಿ ಬಡಿದುಕೊಂಡಳು.

"ಒಮ್ಮಿಗೇ ಸುರುವಿದ್ರ ಮಣ್ಣು ಸುದ್ದಾ ಕುಡಿಯೂದಿಲ್ಲ. ಸ್ವಲ್ಪ ಹೊತ್ತು ತಡಿ. ಆಮ್ಯಾಲೆ ಒಂದು ಚಮಚ. ಮತ್ತ ತಡಿ," ಎಂದಳು ಮುದುಕಿ.

ಹಾಗೇ ಮಾಡಿದರು. ಒಂದು ಚಮಚ, ಕಾಯುವುದು, ಇನ್ನೊಂದು ಚಮಚ. ನಡುನಡುವೆ ಎದೆಹಾಲು. ಎತ್ತುಗಳು ತಮ್ಮ ಪಾಡಿಗೆ ನಡೆದವು. ಕುಂಬಾರ ಹಿಂದಿರುಗಿ ನೋಡಲು ಹೆದರಿ ಎತ್ತಿನ ಕೊಂಬುಗಳ ನಡುವೆಯೇ ದೃಷ್ಟಿಯಿಟ್ಟಿದ್ದ. ಅರ್ಧ ದಾರಿ ಸವೆಯಿತು. ಒಂದು ಬಟ್ಟಲು ಗಂಜಿ ಮುಗಿದು ಎರಡನೆಯದಕ್ಕೆ ಬಂತು. ಆಗ ಕೂಸು ಕಣ್ಣು ತೆರೆದು ಚಮಚವನ್ನು ನೋಡಿತು. ಚಮಚ ಬರುವುದು ತಡವಾಯಿತೆಂದು ಮುಖ ಕಿವುಚಿಕೊಂಡು ಸಣ್ಣಗೆ ಅತ್ತಿತು.

ಕಣ್ಣಿನ ತುದಿಯಲ್ಲಿ ಒಂದು ಹನಿ ಮೂಡಿತು.

"ಚಕ್ಕಡಿ ನಿಲ್ಲಸೋ," ಎಂದಳು ಮುದುಕಿ. ಕುಂಬಾರ ಎದೆ ಒಡೆದವನಂತೆ ತಿರುಗಿದ. ಅವಳು ಮಾತಿಲ್ಲದೆ ತೋರಿಸಿದಳು. ಮೂವರೂ ಆ ಒಂದು ಹನಿಯನ್ನು ನೋಡಿದರು. ಅದು ತುಂಬಿತು, ಕೆನ್ನೆಯ ಮೇಲೆ ಇಳಿಯಿತು. ಕೈ ಮುಗಿಯಬೇಕೆಂಬುದೂ ಅವರಿಗೆ ಹೊಳೆಯಲಿಲ್ಲ. ಮಗು ಅಳುವುದು, ಕಣ್ಣೀರು ಬರುವುದು ಲೋಕದಲ್ಲಿ ದಿನವೂ ಇರುವುದೇ. ಆ ದಿನ ಅದು ಅವರ ಕಣ್ಣಿಗೆ ಲೋಕ ಮೊದಲ ಸಲ ಹುಟ್ಟಿದಂತೆ ಕಂಡಿತು. ಮತ್ತೆ ಚಕ್ಕಡಿ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುದುಕಿಯ ತೊಡೆ ಬೆಚ್ಚಗೆ ಒದ್ದೆಯಾಯಿತು. ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಸೀರೆಯ ಮೇಲೆ ಉಚ್ಚೆ ಹೊಯ್ದದ್ದಕ್ಕೆ ಅಷ್ಟು ಹಿಗ್ಗಿದವಳು ಹಿಂದೆಯೂ ಇರಲಿಲ್ಲ, ಮುಂದೆಯೂ ಹುಟ್ಟಲಾರಳು.

ದವಾಖಾನೆಯ ಡಾಕ್ಟರಮ್ಮ ಕೂಸನ್ನು ಮೇಲಿಂದ ಕೆಳಗೆ ನೋಡಿದಳು, ಹೊಟ್ಟೆಯ ಚರ್ಮ ಚಿವುಟಿ ನೋಡಿದಳು. ಮೂರು ದಿನ ಯಾಕೆ ಕಾದಿರಿ ಎಂದು ಗದರಿದಳು, ದಾರಿಯಲ್ಲಿ ಕುಡಿಸಿದ್ದಕ್ಕೆ ಬೆನ್ನು ತಟ್ಟಿದಳು. ಎರಡು ದಿನ ಅಲ್ಲೇ ಇರಿಸಿಕೊಂಡಳು. ಕೂಸು ಉಳಿಯಿತು. ಹೊರಡುವ ದಿನ ಡಾಕ್ಟರಮ್ಮ ಕೇಳಿದಳು:

"ಕೂಸಿಗೆ ತಿನ್ನಸೋರು ಯಾರು?"

"ನಾನಾ ರೀ," ಎಂದಳು ಮುದುಕಿ ಹೆಮ್ಮೆಯಿಂದ.

"ಕೈ ತೋರಸ್ರಿ ಅಜ್ಜಿ."

ಮುದುಕಿ ಕೈ ಚಾಚಿದಳು. ಎರಡು ದಿನ ಕೆಲಸವಿಲ್ಲದಿದ್ದರೂ ಉಗುರಿನ ಸಂದಿಯಲ್ಲಿ ಮಣ್ಣಿತ್ತು. "ಅದು ಕೊಳಿ ಅಲ್ರಿ. ನಮಗ ಅನ್ನ ಹಾಕೂ ಮಣ್ಣು."

"ಆ ಮಣ್ಣಿನಾಗ ಏನೇನು ಬೆರಸ್ತೀರಿ?"

ಮುದುಕಿ ಬೂದಿ ಎಂದಳು. ಎರಡನೆಯದನ್ನು ಹೇಳಲು ಬಾಯಿ ತೆರೆದಳು. ಬಾಯಿ ತೆರೆದೇ ಉಳಿಯಿತು. ತನ್ನ ಬೆರಳುಗಳನ್ನು ಯಾರದೋ ಬೆರಳುಗಳಂತೆ ನೋಡಿಕೊಂಡಳು. ಈ ಬೆರಳೇ ಕೂಸಿನ ಬಾಯಿಗೆ ರೋಗ ಇಟ್ಟಿತು, ಈ ಬೆರಳೇ ಅದನ್ನು ಕಂಡುಹಿಡಿಯಿತು. ಅವಳು ಮೆಲ್ಲಗೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮಣ್ಣನ್ನು ಬಿಡಬೇಕಾಗಿಲ್ಲ, ತಿನ್ನಿಸುವ ಮೊದಲು, ಹೊರಕಡೆಗೆ ಹೋಗಿ ಬಂದ ಮೇಲೆ, ಕೂಸಿನ ಹೇಲು ತೊಳೆದ ಮೇಲೆ ಸಾಬೂನು ಹಚ್ಚಿ ಸುರಿಯುವ ನೀರಿನಲ್ಲಿ ಕೈ ತೊಳೆದರೆ ಸಾಕು ಎಂದು ಡಾಕ್ಟರಮ್ಮ ಸಮಾಧಾನ ಹೇಳಿದಳು. ಮುದುಕಿ ಎಲ್ಲವನ್ನೂ ತಲೆಯಾಡಿಸಿ ಕೇಳಿಸಿಕೊಂಡಳು. ಬಾಗಿಲವರೆಗೆ ಹೋದವಳು ಮತ್ತೆ ಹಿಂದಿರುಗಿ ಬಂದಳು.

"ನೀರು ನೀರು ಅಂತ ಬೇಡಿದಾಗ ಕೊಡಬೇಕಾಗಿತ್ತೇನ್ರಿ?"

"ಬೇಡಿದಷ್ಟೂ ಕೊಡಬೇಕು ಅಜ್ಜಿ," ಎಂದಳು ಡಾಕ್ಟರಮ್ಮ, ಇನ್ನೊಂದು ಮಗುವಿನ ಎದೆ ನೋಡುತ್ತ.

ಎಂಟು ತಿಂಗಳ ಕೂಸು ನೀರು ನೀರು ಅಂತ ಬೇಡುವುದಿಲ್ಲ. ಅವಳು ಕೇಳಿದ್ದು ತಾನು ಹಿಂದೆ ಕಳೆದುಕೊಂಡ ಆ ಎರಡು ಮಕ್ಕಳ ವಿಷಯ. ಒಂದಕ್ಕೆ ಮೂರು ವರ್ಷವಾಗಿತ್ತು, ಇನ್ನೊಂದಕ್ಕೆ ನಾಲ್ಕು. ಎರಡಕ್ಕೂ ಮಾತು ಬರುತ್ತಿತ್ತು. ಮುದುಕಿ ದವಾಖಾನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಗ ಕರೆದ, ಏಳಲಿಲ್ಲ. ಸೊಸೆ ಕೂಸನ್ನು ತಂದು ಮಡಿಲಲ್ಲಿ ಇಟ್ಟಾಗ ಎದ್ದಳು.

ಊರಿಗೆ ಬಂದ ಮೇಲೆ ಮಗನಿಂದ ಒಂದು ಗಡಿಗೆ ಮಾಡಿಸಿದಳು. ಅದರ ಬುಡಕ್ಕೆ ತೂತು, ತೂತಿಗೆ ಒಂದು ಬಿರಡೆ. ಅದನ್ನು ಅಡಿಗೆಮನೆಯ ಬಾಗಿಲಲ್ಲಿ ತೂಗುಹಾಕಿ ಪಕ್ಕದಲ್ಲಿ ಸಾಬೂನಿಟ್ಟಳು. ಬಿರಡೆ ತೆಗೆದು ಕೈ ತೊಳೆಯದೆ ಒಳಗೆ ಕಾಲಿಟ್ಟವರು ಅವಳಿಂದ ಬೈಸಿಕೊಳ್ಳುತ್ತಿದ್ದರು. ಊರ ಗೌಡ ಬಂದಾಗಲೂ ಬಿಡಲಿಲ್ಲ. ಯಾರ ಮನೆಯಲ್ಲಿ ಕೂಸಿಗೆ ಭೇದಿ ಎಂದು ತಿಳಿದರೂ ಕರೆಯುವವರೆಗೆ ಕಾಯದೆ ಹೋಗುತ್ತಿದ್ದಳು. ಕಣ್ಣು ನೋಡುತ್ತಿದ್ದಳು, ನೆತ್ತಿ ಮುಟ್ಟುತ್ತಿದ್ದಳು, ಹೊಟ್ಟೆಯ ಚರ್ಮ ಚಿವುಟಿ ಬಿಡುತ್ತಿದ್ದಳು. ತಾಯಿಯ ಬೆರಳನ್ನೂ ಹಿಡಿದು ಅದೇ ಜಾಗದಲ್ಲಿ ಚಿವುಟಿಸಿ ಕಲಿಸುತ್ತಿದ್ದಳು. ಗಂಜಿಗೆ ಉಪ್ಪು ಹಾಕಿಸಿ, ಚಮಚ ಹಿಡಿಸಿ, ಹೊರಡಬೇಕಾದವರನ್ನು ದವಾಖಾನೆಗೆ ಹೊರಡಿಸಿಯೇ ಮನೆಗೆ ಬರುತ್ತಿದ್ದಳು.

ಅಲ್ಲಿಯವರೆಗೆ ಆ ಕೇರಿಯಲ್ಲಿ ವರ್ಷಕ್ಕೆ ಮೂರೋ ನಾಲ್ಕೋ ಕೂಸುಗಳನ್ನು ಮಣ್ಣು ಮಾಡುತ್ತಿದ್ದರು. ಆಮೇಲಿನ ಬೇಸಿಗೆಯಲ್ಲಿ ಒಂದನ್ನೂ ಮಾಡಲಿಲ್ಲ. ಅದರ ಮುಂದಿನ ಬೇಸಿಗೆಯಲ್ಲೂ ಇಲ್ಲ. ಮುದುಕಿಯ ಕೈಯಲ್ಲಿ ದೇವರು ಕೂತಿದ್ದಾನೆ ಎಂದು ಜನ ಮಾತಾಡಿಕೊಂಡರು. ತೆಂಗಿನಕಾಯಿ ಹಿಡಿದು ಬಂದು ಕಾಲಿಗೆ ಬಿದ್ದರು. ಅವಳು ಕಾಯಿ ಒಡೆದು ಅವರಿಗೇ ತಿನ್ನಲು ಕೊಡುತ್ತಿದ್ದಳು, ಅದಕ್ಕೂ ಮೊದಲು ಕೈ ತೊಳೆಸುತ್ತಿದ್ದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಕತೆ ಶಿಷ್ಯನ ಮನಸ್ಸಿಗೆ ತಟ್ಟಿತ್ತು. ಆದರೂ ಕೇಳಿದ್ದು ಸಿಗಲಿಲ್ಲವಲ್ಲ ಎಂಬ ಕೊರಗು ಹೋಗಿರಲಿಲ್ಲ.

"ಇದರಲ್ಲಿ ತಪಸ್ಸೆಲ್ಲಿ ಬಂತು, ಗುರುಗಳೇ? ಒಂದಿಷ್ಟು ನೀರು, ಉಪ್ಪು, ಗಂಜಿ, ಎರಡು ಕೈ. ಇವು ಇಲ್ಲದ ಮನೆ ಯಾವುದು ಹೇಳಿ," ಎಂದ.

ಗುರುಗಳು ಅವನ ಮುಖವನ್ನೇ ನೋಡಿದರು.

"ಮಕ್ಕಳು ಸತ್ತ ಮನೆಗಳಲ್ಲೂ ಇವೆಲ್ಲ ಇದ್ದವಪ್ಪ," ಎಂದರು.